ನನ್ನ ಸೀಟಿನಲ್ಲಿ ನನ್ನ ಹೆಂಡತಿ

ನಮ್ಮ ಮನೆಯಲ್ಲಿ ಕಾರು ಓಡಿಸುತ್ತಿದ್ದವಳು ಹೆಂಡತಿ. ನಾನು ಪಕ್ಕದ ಸೀಟಿನಲ್ಲಿ ಕೂರುತ್ತಿದ್ದೆ. ಇದನ್ನು ಹೇಳಿದರೆ ದಾವಣಗೆರೆ ಕಡೆಯ ನನ್ನ ನೆಂಟರು ಈಗಲೂ ನಗುತ್ತಾರೆ. ನಗಲಿ. ಅವಳ ಅಪ್ಪನಿಗೆ ಹಲಸೂರು ಕೆರೆಯ ಹಿಂದಿನ ಬೀದಿಯಲ್ಲಿ ಒಂದು ಸಣ್ಣ ಗ್ಯಾರೇಜು ಇತ್ತು. ಲಂಗ ಜಾಕೀಟಿನ ವಯಸ್ಸಿನಲ್ಲೇ ಗಿರಾಕಿಗಳ ಗಾಡಿಗಳನ್ನು ಹಿಂದೆ ಮುಂದೆ ತೆಗೆದು ನಿಲ್ಲಿಸುತ್ತಿದ್ದವಳು ಅವಳು. ನನಗೋ, ಎಡ ಯಾವುದು ಬಲ ಯಾವುದು ಎಂದು ಹೊಳೆಯುವಷ್ಟರಲ್ಲಿ ತಿರುವು ಹಿಂದೆ ಹೋಗಿರುತ್ತದೆ. ಹಾಗಾಗಿ ಮದುವೆಯಾದ ಹೊಸತರಲ್ಲೇ ಯಾರ ಜಾಗ ಯಾವುದು ಎಂದು ತೀರ್ಮಾನವಾಗಿಹೋಯಿತು, ಅದರ ಬಗ್ಗೆ ನಾವು ಯಾವತ್ತೂ ಚರ್ಚೆ ಮಾಡಲಿಲ್ಲ.

ಕಗ್ಗದಾಸಪುರದ ನಮ್ಮ ಮನೆಯಿಂದ ಬೆಳಿಗ್ಗೆ ಹೊರಟರೆ ಮೊದಲು ನನ್ನನ್ನು ಕಂಟೋನ್ಮೆಂಟಿನ ಆಫೀಸಿನ ಮುಂದೆ ಇಳಿಸುತ್ತಿದ್ದಳು, ಆಮೇಲೆ ಇಂದಿರಾನಗರದಲ್ಲಿ ತಾನು ಲೆಕ್ಕ ಕಲಿಸುವ ಸ್ಕೂಲಿಗೆ ವಾಪಸು ಬರುತ್ತಿದ್ದಳು. ಸುತ್ತುದಾರಿ ಅದು. ಬೇರೆ ಯಾರಾದರೂ ಆಗಿದ್ದರೆ ಬಸ್ಸು ಹಿಡಿ ಅನ್ನುತ್ತಿದ್ದರು. ಬೂದು ಬಣ್ಣದ ಆ ಸಣ್ಣ ಕಾರಿನ ಎಡಗಡೆ ಸೀಟಿನಲ್ಲಿ ಕೂತು ನಾನು ಕಿತ್ತಳೆ ಸುಲಿದು ಅವಳ ಬಾಯಿಗೆ ಒಂದೊಂದು ತೊಳೆ ಕೊಡುತ್ತಿದ್ದೆ. ಮನೆಯಲ್ಲಿ ಮುಖ ಊದಿಸಿಕೊಂಡು ಕೂತ ಜಗಳಗಳು ಹಲಸೂರಿನ ಸಿಗ್ನಲ್ಲಿನಲ್ಲಿ ಮುಗಿದುಹೋಗುತ್ತಿದ್ದವು. ನನ್ನ ಸಂಸಾರ ಅಂದರೆ ಎಲ್ಲಿ ಎಂದು ಯಾರಾದರೂ ಕೇಳಿದ್ದರೆ ನಾನು ಆ ಸೀಟನ್ನೇ ತೋರಿಸುತ್ತಿದ್ದೆ.

ಅವಳ ಕಣ್ಣಿಗೆ ಬಂದದ್ದು ಗ್ಲಾಕೋಮಾ. ಅದು ಕಳ್ಳ ಕಾಯಿಲೆ, ಪಕ್ಕದ ನೋಟವನ್ನು ಮೊದಲು ತಿಂದು ಆಮೇಲೆ ನಡುವಿಗೆ ಕೈಹಾಕುತ್ತದೆ. ಗೊತ್ತಾಗುವಷ್ಟರಲ್ಲಿ ಬಹಳ ಹೋಗಿತ್ತು. ಒಂದು ಮಧ್ಯಾಹ್ನ ಬಾಣಸವಾಡಿಯಿಂದ ಬರುವಾಗ ಎಡಗಡೆಯಿಂದ ನುಗ್ಗಿದ ಸ್ಕೂಟರೊಂದು ಅವಳಿಗೆ ಕಾಣಲಿಲ್ಲ. ನಾನು ಕೂಗಿಕೊಂಡೆ, ಅವಳು ಬ್ರೇಕು ಹಾಕಿದಳು, ಯಾರಿಗೂ ಏನೂ ಆಗಲಿಲ್ಲ. ಕಾರನ್ನು ರಸ್ತೆ ಪಕ್ಕಕ್ಕೆ ನಿಲ್ಲಿಸಿ, ಬೀಗದ ಕೈ ತೆಗೆದು ನನ್ನ ಅಂಗೈಗೆ ಇಟ್ಟು, "ಸಾಕು ರೀ, ಇನ್ಮೇಲೆ ನಾನು ಮುಟ್ಟಲ್ಲ," ಅಂದಳು. ಆಟೋದಲ್ಲಿ ಮನೆಗೆ ಬಂದೆವು. ಅವಳು ಅಳಲಿಲ್ಲ, ಅತ್ತವನು ನಾನು. ವರ್ಷ ಕಳೆಯುವುದರೊಳಗೆ ಅವಳಿಗೆ ಬೆಳಕು ಯಾವುದು ನೆರಳು ಯಾವುದು ಎಂಬಷ್ಟು ಮಾತ್ರ ಉಳಿಯಿತು.

ಆಗ ನಾನು ಒಂದು ನಿರ್ಧಾರ ಮಾಡಿದೆ. ರಿಟೈರ್ ಆಗಿದ್ದೆ, ಹೊತ್ತು ಬೇಕಾದಷ್ಟಿತ್ತು. ಕಾರು ಓಡಿಸುವುದನ್ನು ಕಲಿತು ಇವಳನ್ನು ಎಲ್ಲಿಗೆ ಬೇಕೋ ಅಲ್ಲಿಗೆ ನಾನೇ ಕರೆದುಕೊಂಡು ಹೋಗುತ್ತೇನೆ, ಇಷ್ಟು ದಿನ ಅವಳು ನನ್ನನ್ನು ಕೂರಿಸಿಕೊಂಡು ಓಡಾಡಿದಳು, ಇನ್ನು ಮುಂದೆ ನನ್ನ ಸರದಿ ಅಂದುಕೊಂಡೆ. ಡ್ರೈವಿಂಗ್ ಸ್ಕೂಲಿಗೆ ಸೇರಿ ಲೈಸೆನ್ಸನ್ನೂ ತೆಗೆದುಕೊಂಡೆ, ಹೇಗೆ ಕೊಟ್ಟರೋ ಅವರಿಗೇ ಗೊತ್ತು. ಒಂದು ಭಾನುವಾರ ಬೆಳಿಗ್ಗೆ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟೆ. ಕತ್ತಿನ ಹತ್ತಿರ ಸೆರಗು ಸರಿ ಮಾಡಿಕೊಂಡು ನೆಟ್ಟಗೆ ಕೂತಿದ್ದಳು. ಹೆದರಿದ್ದಾಳಾ, ಖುಷಿಯಾಗಿದ್ದಾಳಾ ಎಂದು ಅವಳ ಮುಖ ನೋಡುತ್ತಾ ನೋಡುತ್ತಾ ನಮ್ಮ ಬೀದಿಯ ಅಂಗಡಿಯವನು ಜೋಡಿಸಿಟ್ಟಿದ್ದ ಕುಡಿಯುವ ನೀರಿನ ಕ್ಯಾನುಗಳ ಮೇಲೆ ಕಾರು ಹತ್ತಿಸಿದೆ.

ಅಂಗಡಿಯವನು ಬೈದ, ನಾನೂ ಬೈದೆ. ಅವಳು ಮಾತ್ರ ಬೈಯಲಿಲ್ಲ. "ನೀವು ರಸ್ತೆ ನೋಡ್ತಿರ್ಲಿಲ್ಲ, ನನ್ನನ್ನ ನೋಡ್ತಿದ್ರಿ ಅಲ್ವಾ?" ಎಂದು ಕೇಳಿದಳು. ನಾನು ಇಳಿದು ಕ್ಯಾನುಗಳನ್ನು ಎತ್ತಿಡತೊಡಗಿದೆ. "ಕಾರಲ್ಲಿ ಇಬ್ರಿಗೂ ಕಣ್ಣಿಲ್ಲ ಅಂದ್ರೆ ಹೇಗೆ ರೀ," ಅಂದಳು.

ಅದಾದ ಮೇಲೆ ಕಾರು ನೆಲಮಹಡಿಯಲ್ಲಿ ಧೂಳು ಹಿಡಿದು ನಿಂತಿತು. ಇನ್ನೊಂದು ಸಲ ಹೊರಡೋಣ ಎಂದು ನಾನು ಹೇಳಿದಾಗಲೆಲ್ಲ ಅವಳಿಗೆ ಏನೋ ಕೆಲಸ ಇರುತ್ತಿತ್ತು. ಕೊನೆಗೆ ಒಂದು ಸಂಜೆ ಕಾಫಿ ಕುಡಿಯುತ್ತಾ ತನ್ನ ನಿರ್ಧಾರ ಹೇಳಿದಳು. ಹಲಸೂರಿನಲ್ಲಿ, ದೃಷ್ಟಿ ಕಳೆದುಕೊಂಡವರಿಗೆ ಕೋಲು ಹಿಡಿದು ಓಡಾಡುವುದು, ಒಲೆ ಹಚ್ಚುವುದು, ಕಂಪ್ಯೂಟರ್ ಬಳಸುವುದು ಎಲ್ಲಾ ಕಲಿಸುವ ಒಂದು ಕೇಂದ್ರ ಇತ್ತು. ಅಲ್ಲಿಗೆ ಸೇರುತ್ತೇನೆ ಅಂದಳು. ಸರಿ ಅಂದೆ. ಕಾರನ್ನೂ ಅವರಿಗೇ ಕೊಡುತ್ತೇನೆ ಅಂದಳು. ನಾನು ಲೋಟ ಕೆಳಗಿಟ್ಟೆ.

ನಡುವಯಸ್ಸಿನಲ್ಲಿ ಕಣ್ಣು ಹೋದವರು ಮನೆ ಬಿಟ್ಟು ಹೊರಗೆ ಬರುವುದೇ ಇಲ್ಲವಂತೆ. ಮೊದಲ ಕೆಲವು ತಿಂಗಳು ಮನೆ ಬಾಗಿಲಿನಿಂದಲೇ ಕರೆದುಕೊಂಡು ಬರಬೇಕಂತೆ. ಕೇಂದ್ರದ ವ್ಯಾನು ಗುಜರಿಗೆ ಹೋಗಿತ್ತು. ಹಳೇ ಗಾಡಿ ಇದ್ದವರು ಕೊಡಿ ಎಂದು ಕೇಳುತ್ತಿದ್ದರು. ದಾನ ಬಂದ ಗಾಡಿಯನ್ನು ಕೆಲವು ಕಡೆ ಮಾರಿಬಿಡುತ್ತಾರೆ. ಇವರಿಗೆ ಗಾಡಿಯೇ ಬೇಕಿತ್ತು. ಮಾರಿದ್ದರೆ ನನಗೆ ಎಷ್ಟೋ ನೆಮ್ಮದಿ ಇರುತ್ತಿತ್ತು. ಯಾವನೋ ತುಮಕೂರಿನವನು ಕೊಂಡು ಹೋಗಿದ್ದರೆ ಅದು ನನ್ನ ಕಣ್ಣಿಗಾದರೂ ಬೀಳುತ್ತಿರಲಿಲ್ಲ.

ಒಳ್ಳೆಯ ಕೆಲಸ ಎಂದು ಅಪಾರ್ಟ್‌ಮೆಂಟಿನವರೆಲ್ಲ ಬಂದು ಹೊಗಳಿದರು. ನಾನೂ ಹಲ್ಲು ಕಿರಿದೆ. ಕೇಂದ್ರದವರು ಕಾಗದಪತ್ರ ಮುಗಿಸಿ ಡ್ರೈವರನ್ನು ಕಳಿಸಿದರು. ಶಿವಾಜಿನಗರದವನು, ನಲವತ್ತರ ಆಸುಪಾಸು, ಗಡ್ಡ ಒಪ್ಪವಾಗಿ ಕತ್ತರಿಸಿಕೊಂಡಿದ್ದ. ಕಾರಿನ ಸುತ್ತ ಒಂದು ಸುತ್ತು ಬಂದು, ಬಾನೆಟ್ಟಿನ ಮೇಲೆ ಕೈಯಿಟ್ಟು, ನನ್ನನ್ನು ಬಿಟ್ಟು ಅವಳನ್ನು ಕೇಳಿದ: "ಆಪಾ, ಕ್ಲಚ್ ಹೇಗಿದೆ?" ಆಪಾ ಅಂದರೆ ಅಕ್ಕ. ಮೊದಲ ಭೇಟಿಯಲ್ಲೇ ಅಕ್ಕ. ಇವಳು ಮುಖ ಅರಳಿಸಿಕೊಂಡು ಕ್ಲಚ್ಚಿನ ಪೂರ್ತಿ ಚರಿತ್ರೆ ಹೇಳಿದಳು. ನನ್ನ ಕಡೆ ತಿರುಗಿ ಅವನು, "ದುಲ್ಹೆಭಾಯ್, ಚಿಂತೆ ಮಾಡ್ಬೇಡಿ, ಮಗು ಥರ ನೋಡ್ಕೋತೀನಿ," ಅಂದ. ದುಲ್ಹೆಭಾಯ್ ಅಂದರೆ ಭಾವ. ಯಾರನ್ನು ಕೇಳಿ ಇವನು ನಮ್ಮ ನೆಂಟನಾದ ಎಂದು ನನಗೆ ತಿಳಿಯಲಿಲ್ಲ.

ಸೋಮವಾರ ಬೆಳಿಗ್ಗೆ ನಮ್ಮದೇ ಕಾರು ನಮ್ಮ ಮನೆ ಮುಂದೆ ಬಂದು ಹಾರ್ನು ಹೊಡೆಯಿತು, ಇವಳನ್ನು ಕರೆದೊಯ್ಯಲು. ನಾನು ಸ್ನಾನ ಮಾಡಿ, ಇಸ್ತ್ರಿ ಶರ್ಟು ಹಾಕಿ, ಇಬ್ಬರಿಗೂ ಚಿತ್ರಾನ್ನ ಕಟ್ಟಿಸಿಕೊಂಡು ಸಿದ್ಧನಾಗಿದ್ದೆ. ಇವಳ ಕೈ ಹಿಡಿದು ಕೆಳಗೆ ತಂದೆ. ಆಮೇಲೆ ನಡೆದದ್ದಕ್ಕೆ ನನ್ನ ಕಾಲುಗಳೇ ಕಾರಣ. ಅವು ನೇರ ಕಾರಿನ ಎಡಗಡೆಗೆ ಹೋದವು, ಕೈ ಬಾಗಿಲು ತೆಗೆಯಿತು, ನಾನು ನನ್ನ ಸೀಟಿನಲ್ಲಿ ಕೂತುಬಿಟ್ಟೆ. ಹಿಂದೆ ಆಗಲೇ ಕೆ.ಆರ್. ಪುರದಲ್ಲಿ ಹತ್ತಿದ ಮೂವರು ಹೆಂಗಸರು ಕೂತಿದ್ದರು. ಇವಳು ತಡಕಾಡುತ್ತಾ ಬಂದು ಬಾಗಿಲೊಳಗೆ ಕೈಯಿಟ್ಟಳು. ಆ ಕೈ ನನ್ನ ಬೋಳುತಲೆಯ ಮೇಲೆ ಬಿತ್ತು.

"ಇದ್ಯಾರು?" ಅಂದಳು.

"ನಾನು ಕಣೇ."

"ನೀವ್ಯಾಕೆ ಕೂತಿದೀರಿ? ಇದು ಕಲಿಯೋರಿಗೆ ರೀ. ಇಳೀರಿ."

ಹಿಂದಿನ ಹೆಂಗಸರು ಬಾಯಿಗೆ ಸೆರಗು ಹಿಡಿದು ನಕ್ಕರು. ಡ್ರೈವರು ಪಾಪ ನಗಲಿಲ್ಲ. "ಜಾಗ ಇಲ್ಲ ದುಲ್ಹೆಭಾಯ್, ಬೇಜಾರ್ ಮಾಡ್ಕೋಬೇಡಿ," ಅಂದ. ಅವನು ನಕ್ಕಿದ್ದರೇ ಚೆನ್ನಾಗಿತ್ತು. ನಾನು ಇಳಿದೆ, ಅವಳು ಹತ್ತಿದಳು, ಕಾರು ಹೋಯಿತು. ಇಸ್ತ್ರಿ ಶರ್ಟಿನಲ್ಲಿ ಬೀದಿಯಲ್ಲಿ ನಿಂತು ನಾನು ಎರಡೂ ಡಬ್ಬಿ ಹಿಡಿದುಕೊಂಡಿದ್ದೆ. ಅವಳ ಡಬ್ಬಿಯನ್ನೂ ಕೊಟ್ಟಿರಲಿಲ್ಲ.

ಅವತ್ತಿನಿಂದ ನನಗೆ ಹೊಟ್ಟೆಕಿಚ್ಚು. ಮರ್ಯಾದೆಗೆ ಬೇರೆ ಹೆಸರು ಕೊಡಬಹುದು, ಆದರೆ ಇದ್ದದ್ದು ಹೊಟ್ಟೆಕಿಚ್ಚೇ. ಅವನ ಮೇಲೆ ಅಂಥ ಅನುಮಾನ ಏನೂ ಇರಲಿಲ್ಲ, ಈ ವಯಸ್ಸಿನಲ್ಲಿ ಅದೆಲ್ಲ ಯಾರಿಗೆ ಬೇಕು. ಅವನು ಅವಳ ಪಕ್ಕದಲ್ಲಿ ಕೂರುತ್ತಿದ್ದ, ಅಷ್ಟೇ. ಬೆಳಿಗ್ಗೆ ಕೂರುತ್ತಿದ್ದ, ಸಂಜೆ ಕೂರುತ್ತಿದ್ದ. ಇವಳು ಸಂಜೆ ಬಂದವಳೇ ಅವನ ಸುದ್ದಿ ತೆಗೆಯುತ್ತಿದ್ದಳು. ಮೂರನೇ ಗೇರಿಗೆ ಅವಸರ ಮಾಡುತ್ತಾನೆ, ಹೇಳಿದ ಮೇಲೆ ಸರಿ ಮಾಡಿಕೊಂಡ. ಇಂಜಿನ್ನಿನಲ್ಲಿ ಚಿಟಚಿಟ ಅನ್ನುತ್ತಿತ್ತು, ತಾನು ಬೆಲ್ಟು ಅಂದಳಂತೆ, ಬಿಚ್ಚಿ ನೋಡಿದರೆ ಬೆಲ್ಟೇ. ಅವನ ಮಗಳಿಗೆ ಲೆಕ್ಕ ಹತ್ತುವುದಿಲ್ಲವಂತೆ, ಭಾನುವಾರ ಕಳಿಸು ಎಂದಿದ್ದಾಳಂತೆ. ಇಷ್ಟು ವರ್ಷ ಪಕ್ಕದಲ್ಲಿ ಕೂತ ನನಗೆ ಅವಳು ಒಂದು ದಿನವೂ ಗೇರಿನ ವಿಷಯ ಹೇಳಿರಲಿಲ್ಲ. ಹೇಳಿದ್ದರೂ ನನಗೆ ಅರ್ಥವಾಗುತ್ತಿರಲಿಲ್ಲ, ಅದು ಬೇರೆ ಮಾತು.

ಕಾರಿನ ಎ.ಸಿ. ಕಿಂಡಿಯಲ್ಲಿ ಅವನು ಅತ್ತರಿನ ಹತ್ತಿ ಸಿಕ್ಕಿಸಿದ್ದ. ಇವಳ ಸೆರಗಿಗೂ ಆ ವಾಸನೆ ಹತ್ತಿಕೊಂಡು ಬರುತ್ತಿತ್ತು. ಒಂದು ಸಂಜೆ ಮೂಗು ಮುಚ್ಚಿಕೊಂಡು, "ಏನಿದು ವಾಸನೆ, ತಲೆ ನೋಯತ್ತೆ," ಅಂದೆ. "ಚೆನ್ನಾಗಿದೆ, ಮಲ್ಲಿಗೇದು," ಅಂದಳು. ಚೆನ್ನಾಗಿಯೇ ಇತ್ತು, ಅದೇ ನನಗೆ ಇನ್ನಷ್ಟು ಉರಿ. ಮಾರನೆಯ ದಿನ ನಾನು ಕಮರ್ಷಿಯಲ್ ಸ್ಟ್ರೀಟಿನ ತನಕ ಹೋಗಿ ಒಂದು ಮಲ್ಲಿಗೆ ಸೆಂಟು ತಂದು ಹಾಕಿಕೊಂಡು ಅವಳ ಮುಂದೆ ಓಡಾಡಿದೆ. "ಯಾರೋ ಬಂದಿದಾರಾ ರೀ?" ಎಂದು ಕೇಳಿದಳು.

ಮನೆಯಲ್ಲಿ ನನ್ನ ಕೆಲಸವೂ ಒಂದೊಂದಾಗಿ ಹೋಗತೊಡಗಿತು. ಮೊದಲು ಅವಳ ತಟ್ಟೆಗೆ ಬಡಿಸುವವನು ನಾನು, ಬಚ್ಚಲಿಗೆ ಕೈ ಹಿಡಿದು ಬಿಡುವವನು ನಾನು. ಈಗ ಅವಳೇ ಒಗ್ಗರಣೆ ಹಾಕುತ್ತಿದ್ದಳು. ಸಾಸಿವೆ ಸಿಡಿಯುವುದನ್ನು ಕೇಳಿ ಇಳಿಸುತ್ತಿದ್ದಳು. ನಾನು ಹೋಗಿ ಸೌಟು ಕಿತ್ತುಕೊಂಡರೆ ರೇಗುತ್ತಿದ್ದಳು. ಬಿಳಿ ಕೋಲು ಹಿಡಿದು ಕೆಳಗಿನ ಅಂಗಡಿಯಿಂದ ಒಬ್ಬಳೇ ಹಾಲು ತಂದ ದಿನ ನಾನು ಬಾಗಿಲಲ್ಲಿ ನಿಂತು ಚಪ್ಪಾಳೆ ತಟ್ಟಬೇಕಿತ್ತು. ನನ್ನನ್ನು ಯಾಕೆ ಎಬ್ಬಿಸಲಿಲ್ಲ ಎಂದು ಜಗಳ ಆಡಿದೆ.

ಆ ಜಗಳದಲ್ಲೇ ಒಳಗಿದ್ದದ್ದು ಹೊರಗೆ ಬಂತು. ಅವಳು ಊಟದ ಮೇಜಿನ ಮುಂದೆ ಹುರುಳಿಕಾಯಿ ನಾರು ತೆಗೆಯುತ್ತಾ ಕೂತಿದ್ದಳು.

"ಯಾವನೋ ಊರವನ ಕೈಗೆ ಕೊಟ್ಟೆ. ನನ್ನ ಕೈಗೆ ಕೊಡ್ಲಿಲ್ಲ. ನನ್ನ ಮೇಲೆ ನಿನಗೆ ನಂಬಿಕೆ ಇಲ್ಲ, ಅಷ್ಟೇ ತಾನೆ?" ಅಂದೆ.

"ಕಾರಿನ ವಿಷಯದಲ್ಲಿ ಇಲ್ಲ," ಅಂದಳು, ಕೈ ನಿಲ್ಲಿಸದೆ.

"ಬೇರೆ ವಿಷಯದಲ್ಲಿ?"

"ಬೇರೆ ವಿಷಯದಲ್ಲಿ ನಂಬಿ ನೋಡೋಕೆ ನೀವು ಬಿಟ್ಟಿದೀರಾ? ನಾನು ಕೈ ಚಾಚೋಕೆ ಮುಂಚೆ ಹಿಡ್ಕೊಂಡಿರ್ತೀರಿ."

ಹುರುಳಿಕಾಯಿ ಬುಟ್ಟಿಯನ್ನು ನನ್ನ ಕಡೆಗೆ ಎಳೆದುಕೊಂಡು ನಾನೂ ನಾರು ತೆಗೆಯತೊಡಗಿದೆ. ಅವಳು ಬುಟ್ಟಿಯನ್ನು ವಾಪಸು ಎಳೆದುಕೊಂಡಳು. ಅವಳಿಗೆ ನಾನು ಬೇಕಾ ಬೇಡವಾ ಎಂಬ ಒಂದೇ ಪ್ರಶ್ನೆ ನನ್ನ ತಲೆಯಲ್ಲಿ ಕೊರೆಯುತ್ತಿತ್ತು. ಅದನ್ನು ಬಾಯಿಬಿಟ್ಟು ಕೇಳಲು ಧೈರ್ಯವಾಗಲಿಲ್ಲ, ಬೇಡ ಅಂದುಬಿಟ್ಟರೆ ಎಂಬ ಭಯ.

ಆಯುಧಪೂಜೆಗೆ ಕೇಂದ್ರದಿಂದ ಕರೆ ಬಂತು. ಕಾರಿಗೆ ಪೂಜೆ ಇದೆ, ಕೊಟ್ಟವರು ಇಬ್ಬರೂ ಬರಬೇಕು ಎಂದು. ಅವತ್ತೂ ಅವಳು ಕಾರಿನಲ್ಲಿ ಹೋದಳು, ನಾನು ಬಸ್ಸಿನಲ್ಲಿ. ನಾನು ಗೇಟು ದಾಟುವ ಹೊತ್ತಿಗೆ ಅಂಗಳದಲ್ಲಿ ಅಭ್ಯಾಸ ನಡೆಯುತ್ತಿತ್ತು. ನೆಟ್ಟಗೆ ನಡೆಯುವುದನ್ನು ಅವರು ಹೀಗೆ ಕಲಿಸುತ್ತಾರೆ: ಯಾರಾದರೂ ಒಬ್ಬರು ಆ ತುದಿಯಲ್ಲಿ ನಿಂತು ಮಾತಾಡುತ್ತಿರಬೇಕು, ಕಲಿಯುವವರು ಆ ದನಿಯನ್ನೇ ಗುರಿಯಾಗಿಟ್ಟುಕೊಂಡು ಬರಬೇಕು. ಆ ತುದಿಯಲ್ಲಿ ನಿಂತಿದ್ದವನು ಡ್ರೈವರು. "ಬನ್ನಿ ಆಪಾ, ನೇರ ಬನ್ನಿ, ಆಯ್ತು, ಇನ್ನೇನು ಬಂದ್ರಿ," ಅನ್ನುತ್ತಿದ್ದ. ನನ್ನ ಹೆಂಡತಿ ಕೋಲಿಲ್ಲದೆ, ಕೈ ಮುಂದೆ ಚಾಚದೆ, ನಗುನಗುತ್ತಾ ಅವನ ಕಡೆಗೆ ನಡೆದುಹೋಗುತ್ತಿದ್ದಳು. ನನಗೆ ಮೈ ಪರಚಿಕೊಳ್ಳುವಂತಾಯಿತು. ಗೇಟಿನ ಪಕ್ಕ ಇಟ್ಟಿದ್ದ ಬಾಳೆಕಂದನ್ನು ಹಿಡಿದುಕೊಂಡು ನಿಂತೆ.

ಕಾರನ್ನು ಅವನೇ ತೊಳೆದು ಚೆಂಡುಹೂವಿನ ಹಾರ ಹಾಕಿದ್ದ. ಶಿವಾಜಿನಗರದ ಗ್ಯಾರೇಜುಗಳಲ್ಲಿ ಬೆಳೆದವನು, ಆಯುಧಪೂಜೆ ಅವನಿಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು. ಆರತಿಯಾಯಿತು, ಬೂದುಕುಂಬಳಕಾಯಿ ಒಡೆದದ್ದಾಯಿತು. ನಾಲ್ಕೂ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟರು. ಇನ್ನು ಗಾಡಿಯನ್ನು ಅವುಗಳ ಮೇಲೆ ಹತ್ತಿಸಬೇಕು. ಡ್ರೈವರು ಬೀಗದ ಕೈಯನ್ನು ಇವಳ ಕೈಗೆ ಕೊಟ್ಟ.

"ಆಪಾ, ಇದು ನಿಮ್ ಗಾಡಿ. ನೀವೇ ಹತ್ಸಿ."

ಕೇಂದ್ರದ ಮೇಲ್ವಿಚಾರಕಿ ಬೇಡ ಬೇಡ ಅಂದರು. ಸುತ್ತ ನಿಂತಿದ್ದವರು ಹತ್ತಿಸಲಿ ಹತ್ತಿಸಲಿ ಅಂದರು. ಇವಳು ಆಗಲೇ ಬಲಗಡೆಯ ಬಾಗಿಲು ಹುಡುಕಿ ಒಳಗೆ ಕೂತು ಸ್ಟಿಯರಿಂಗ್ ಸವರುತ್ತಿದ್ದಳು. ನಾನು ಓಡಿದೆ. ಈ ಸಲ ಹಿಂದಿನ ಸೀಟಿನಲ್ಲಿ ಯಾರೂ ಇಲ್ಲ, ಕಲಿಯುವವರ ಜಾಗ ಎಂಬ ನೆಪವೂ ಇಲ್ಲ. ಎಡಗಡೆಯ ಬಾಗಿಲು ತೆಗೆದೆ.

"ಯಾರು?" ಅಂದಳು.

"ನಾನು."

"ನೀವಲ್ಲ ರೀ. ಭಾಯ್ ಕೂತ್ಕೊಳ್ಳಲಿ. ಹೆಚ್ಚುಕಮ್ಮಿ ಆದ್ರೆ ಹ್ಯಾಂಡ್‌ಬ್ರೇಕ್ ಎಳೀಬೇಕು, ನಿಮಗೆ ಅದು ಬರಲ್ಲ."

ಅಷ್ಟು ಜನರ ಮುಂದೆ ಹಾಗೆ ಅಂದಳು. ಡ್ರೈವರು ನನ್ನ ಮುಖ ನೋಡದೆ ನನ್ನನ್ನು ದಾಟಿ ನನ್ನ ಸೀಟಿನಲ್ಲಿ ಕೂತ. ನಾನು ಬಾಗಿಲು ಬಿಟ್ಟು ಗೇಟಿನ ಕಡೆ ಹೊರಟೆ. ಮನೆಗೆ ಹೋಗಿಬಿಡುವುದೇ ಸರಿ ಎಂದು ಮನಸ್ಸಿನಲ್ಲಿ ತೀರ್ಮಾನವಾಗಿತ್ತು.

"ಎಲ್ಲಿ ಹೋದ್ರಿ?" ಎಂದು ಕಿಟಕಿಯಿಂದ ಕರೆದಳು. "ಕಾರಿನ ಮುಂದೆ ಬನ್ನಿ. ನಾಲ್ಕು ಹೆಜ್ಜೆ ದೂರ ನಿಂತ್ಕೊಂಡು ಮಾತಾಡ್ತಾ ಇರಿ. ನನಗೆ ದಿಕ್ಕು ಬೇಕು."

"ನಾನಾ?"

"ಮತ್ಯಾರು?"

ಮೇಲ್ವಿಚಾರಕಿ, ಪಕ್ಕಕ್ಕೆ ನಿಂತು ಮಾತಾಡಿದರೆ ಸಾಕು ಅಂದರು. ಪಕ್ಕದಲ್ಲಿ ನಿಂತರೆ ಪಕ್ಕಕ್ಕೇ ಬರುತ್ತೇನೆ ಎಂದಳು ಇವಳು. ನಾನು ಹೋಗಿ ಮುಂದೆ ನಿಂತೆ. ಇಂಜಿನ್ನು ಗುರುಗುಟ್ಟಿತು. ಗಾಜಿನ ಹಿಂದೆ ಅವಳ ಮುಖ ನನ್ನ ಕಡೆಗೇ ಇತ್ತು, ನನ್ನನ್ನು ನೋಡುತ್ತಿಲ್ಲ ಎಂಬುದು ಗೊತ್ತಿದ್ದೂ ನಾನು ಶರ್ಟಿನ ಕಾಲರು ಸರಿ ಮಾಡಿಕೊಂಡೆ.

"ಮಾತಾಡಿ," ಅಂದಳು.

"ಏನ್ ಮಾತಾಡ್ಲಿ? ಇಲ್ಲಿದೀನಿ. ಇಲ್ಲೇ ಇದೀನಿ." ಅಷ್ಟಕ್ಕೇ ಮಾತು ಮುಗಿಯಿತು. ಕಾರು ಒಂದು ಸಲ ಮುಗ್ಗರಿಸಿ ನಿಂತಿತು.

"ನಿಲ್ಲಿಸ್ಬೇಡಿ, ಮಾತಾಡ್ತಾ ಇರಿ ರೀ."

ಆಗ ಬಾಯಿಗೆ ಬಂದದ್ದು ಬಂತು. "ಬೆಳಿಗ್ಗೆ ಆ ಹಾರ್ನ್ ಕೇಳಿದ್ರೆ ನನಗೆ ಹೊಟ್ಟೆ ಉರಿಯತ್ತೆ. ಇವನು ಆಪಾ ಅಂದ್ರೂ ಉರಿಯತ್ತೆ, ದುಲ್ಹೆಭಾಯ್ ಅಂದ್ರೂ ಉರಿಯತ್ತೆ. ನೀನು ಹೋದ್ಮೇಲೆ ಮನೇಲಿ ಏನ್ ಮಾಡ್ಬೇಕು ಅಂತ ನನಗೆ ಗೊತ್ತಾಗಲ್ಲ. ನಿನ್ನ ಬಟ್ಟೆ ಮಡಚಿ ಮತ್ತೆ ಬಿಚ್ಚಿ ಮಡಚ್ತೀನಿ. ಹಾಲು ನೀನೇ ತರ್ತೀಯ, ಒಗ್ಗರಣೆ ನೀನೇ ಹಾಕ್ತೀಯ. ನನ್ನನ್ನ ಯಾತಕ್ಕೆ ಇಟ್ಕೊಂಡಿದೀಯ ಹೇಳು. ನಾನು ಬೇಕಾ ನಿನಗೆ, ಬೇಡವಾ?"

ನಿಂಬೆಹಣ್ಣುಗಳು ಪಟಪಟ ಒಡೆದವು. ಅಲ್ಲಿಗೆ ಶಾಸ್ತ್ರ ಮುಗಿದಿತ್ತು, ನಿಲ್ಲಿಸಬಹುದಿತ್ತು. ಅವಳು ನಿಲ್ಲಿಸಲಿಲ್ಲ. ಕಾರು ಒಂದೇ ಹದದಲ್ಲಿ, ನೆಟ್ಟಗೆ, ನನ್ನ ಕಡೆಗೆ ಬರುತ್ತಿತ್ತು. ಡ್ರೈವರನ ಕೈ ಹ್ಯಾಂಡ್‌ಬ್ರೇಕಿನ ಮೇಲೆ ಹೋದದ್ದು ಗಾಜಿನಲ್ಲಿ ಕಂಡಿತು. "ಎಳೀಬೇಡಿ," ಅಂದಳು ಅವಳು. ನಾನು ಮಾತಾಡುತ್ತಲೇ ಇದ್ದೆ, ಏನು ಮಾತಾಡಿದೆನೋ ದೇವರಿಗೇ ಗೊತ್ತು. ಚೆಂಡುಹೂವಿನ ಹಾರ ನನ್ನ ಮೊಣಕಾಲಿಗೆ ತಾಗಿತು. ಕಾರು ನಿಂತಿತು.

ಮೊದಲು ಬಾಯಿ ಬಿಟ್ಟವನು ಡ್ರೈವರು. ಅವನ ಹಣೆಯಲ್ಲಿ ಬೆವರು. "ಯಾ ಅಲ್ಲಾ. ಆಪಾ, ದುಲ್ಹೆಭಾಯ್ ಹೆದರ್ಕೊಂಡು ಆ ಕಡೆ ಹಾರ್ಬಿಟ್ಟಿದ್ರೆ? ಗೋಡೆಗೆ ಹೋಗ್ತಿದ್ರಿ ನೀವು."

"ಅವರಾ?" ಅಂದಳು ನನ್ನ ಹೆಂಡತಿ, ಇಂಜಿನ್ನು ಆರಿಸುತ್ತಾ. "ಅವರು ನನ್ನ ಮುಂದಿಂದ ಕದಲೋ ಜನ ಅಲ್ಲ ಭಾಯ್. ಮದುವೆ ಆದಾಗಿಂದ ನೋಡ್ತಿದೀನಿ. ಬೇರೆ ಯಾರೇ ನಿಂತಿದ್ರೂ ನಾನು ಗಾಡಿ ತೆಗೀತಿರ್ಲಿಲ್ಲ."

ನನಗೆ ಹೇಳಲಿಲ್ಲ ಅದನ್ನು, ಅವನಿಗೆ ಹೇಳಿದಳು. ಅದಕ್ಕೂ ಸ್ವಲ್ಪ ಹೊಟ್ಟೆ ಉರಿಯಿತು. ಸುತ್ತಲಿನವರು ಚಪ್ಪಾಳೆ ತಟ್ಟಿದರು, ಯಾರೋ ಪುರಿ ಹಂಚತೊಡಗಿದರು. ಅವಳು ಇಳಿದು ಕೋಲು ಬಿಡಿಸಿಕೊಂಡು ಒಳಗೆ ಹೋದಳು, ನನ್ನ ಕೈಗಾಗಿ ತಡಕಲೂ ಇಲ್ಲ. ಡ್ರೈವರು ಬಲಗಡೆಗೆ ಬಂದು ಕೂತು, ಕಿಟಕಿಯಿಂದ ತಲೆ ಹೊರಗೆ ಹಾಕಿದ.

"ಸ್ವಲ್ಪ ಆ ಕಡೆ ಬನ್ನಿ ದುಲ್ಹೆಭಾಯ್, ಗಾಡಿ ತೆಗೀಬೇಕು."

ನಾನು ಕದಲಲಿಲ್ಲ.